ಎರಡು ಬೆರಳಿನ ಸಂದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಿನ್ನ ಪುಟ್ಟಜ್ಜಿಯ ನಮಸ್ಕಾರಗಳು. ಇದರ ಮುಂದೆ 'ನಾನಿಲ್ಲಿ ಕ್ಷೇಮ' ಎಂಬ ಸಾಲು ಬರಬೇಕು. ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನಾನು ನಿನ್ನೆದುರು ಯಾವತ್ತು ಗೆದ್ದಿದ್ದೇನೆ? 'ಸ್ವಲ್ಪ ನಾನು ಹೇಳೋದು ಕೇಳು' ಎಂದು ನೀನು ಶುರುಮಾಡಿದರೆ ಸಾಕು, ನನ್ನ ಬಾಯಿಗೆ ಬೀಗ ಬೀಳುತ್ತದೆ. ಚಿಕ್ಕವಳಿದ್ದಾಗ ಮನೆಯವರಿಗೆಲ್ಲ ಬುದ್ಧಿ ಹೇಳುತ್ತಿದ್ದೆನೆಂದು ನನಗೆ ಪುಟ್ಟಜ್ಜಿ ಎಂದು ಹೆಸರಿಟ್ಟವನು ನೀನೇ. ಆ ಅಜ್ಜಿಗೆ ನಿನ್ನೊಬ್ಬನಿಗೆ ಮಾತ್ರ ಬುದ್ಧಿ ಹೇಳಲು ಬರುತ್ತಿರಲಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಸಂಜೆ ಅತ್ತಿಗೆ ಬರುತ್ತಾರಂತೆ, ಅವರ ಕೈಲಿ ಕಳಿಸುತ್ತೇನೆ. ಪೂರ್ತಿ ಓದು.

ಶುಕ್ರವಾರ ಅಮ್ಮ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ನಿಮ್ಮಣ್ಣ ಆ ದಿನ ಮೇಲಿನ ಮಹಡಿಗೆ ಬಂದು ಗೋಡೆ ನೋಡಿದ ಅಂತ ಒಂದು ಮಾತು ಹೇಳಿಬಿಡು. ನಿನ್ನ ಗಂಟೇನು ಹೋಗತ್ತೆ?" ಮಂಗಳವಾರ ವಿಚಾರಣಾ ಸಮಿತಿಯ ಮುಂದೆ ನನ್ನ ಸರದಿ. ಅಮ್ಮನನ್ನು ಕಳಿಸಿದವನು ನೀನೇ ಎಂದು ಗೊತ್ತಾಯಿತು. ಅವಳಿಗೆ ಟೀ ಮಾಡಿಕೊಟ್ಟು ಕಳಿಸಿದೆ. ಉತ್ತರ ಈ ಕಾಗದದಲ್ಲಿದೆ. ಆದರೆ ಮೊದಲಿನಿಂದ ಹೇಳಬೇಕು. ಆ ದಿನ ನೀನು ನೋಡದೇ ಹೋದದ್ದು ಏನೆಂದು ನಿನಗೆ ಯಾರೂ ಹೇಳಿರಲಾರರು.

ಈ ವರ್ಷದ ಪ್ರದರ್ಶನಕ್ಕೆ ಮೂರನೇ ತರಗತಿಯ ಮಕ್ಕಳ ಕೈಲಿ ಏನು ಮಾಡಿಸುವುದೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಹೋದ ವರ್ಷ ಕಾಗದದ ಹೂವು, ಅದರ ಹಿಂದಿನ ವರ್ಷವೂ ಕಾಗದದ ಹೂವು. ತಂದೆತಾಯಿಗಳು ಬಂದು 'ಚೆನ್ನಾಗಿದೆ ಮಿಸ್' ಎಂದು ಬಿಸ್ಕತ್ತು ತಿಂದು ಹೋಗುತ್ತಿದ್ದರು. ಈ ಸಲ ನಮ್ಮ ಶಾಲೆಯನ್ನೇ ರಟ್ಟಿನಲ್ಲಿ ಕಟ್ಟೋಣ ಎಂದೆ. ಇಪ್ಪತ್ತಾರು ಮಕ್ಕಳು, ಇಬ್ಬಿಬ್ಬರಿಗೆ ಒಂದು ಕೋಣೆ. ಶೂ ಡಬ್ಬಿ, ಔಷಧಿ ಡಬ್ಬಿ, ಹಳೆಯ ನೋಟ್‌ಬುಕ್ಕಿನ ಹೊದಿಕೆ, ಯಾವುದಾದರೂ ಸರಿ. ಒಂದೇ ಷರತ್ತು ಹಾಕಿದೆ: ಹೇಗಿರಬೇಕೋ ಹಾಗೆ ಮಾಡಬಾರದು, ಹೇಗಿದೆಯೋ ಹಾಗೆ ಮಾಡಬೇಕು. ಕಣ್ಣಿಗೆ ಕಂಡಷ್ಟೇ.

ಮಕ್ಕಳು ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದರು ಎಂದರೆ, ಶಿಕ್ಷಕರ ಕೋಣೆ ಮಾಡಿದವರು ಜೇಡಿಮಣ್ಣಿನಲ್ಲಿ ಮೂರು ಜನ ಮೇಷ್ಟ್ರನ್ನು ಮಾಡಿ ಮೂವರನ್ನೂ ಮೇಜಿನ ಮೇಲೆ ತಲೆಯಿಟ್ಟು ಮಲಗಿಸಿದರು. ಮುಖ್ಯೋಪಾಧ್ಯಾಯಿನಿಯ ಕೋಣೆ ಮಾಡಿದವರು ಮೇಜಿನ ಡ್ರಾಯರ್‌ನಲ್ಲಿ ಒಂದು ಚೂರು ಕನ್ನಡಿಯನ್ನೂ ಬಾಚಣಿಗೆಯನ್ನೂ ಇಟ್ಟರು. ನಾವೆಲ್ಲ ಅವರನ್ನು ದೊಡ್ಡ ಮೇಡಂ ಎನ್ನುತ್ತೇವೆ, ನಿನಗೆ ಗೊತ್ತಲ್ಲ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಚಿತ್ರದ ಕೋಣೆ, ಅಂದರೆ ನನ್ನದೇ ಕೋಣೆ, ಮೇಲಿನ ಮಹಡಿಯ ಕಾರಿಡಾರಿನ ಕೊನೆಗಿತ್ತು. ಅದನ್ನು ಮಾಡುವ ಪಾಳಿ ನಾವು ರೇಡಿಯೊ ಎಂದು ಕರೆಯುವವಳದು. ಬಾಯಿ ಮುಚ್ಚದ ಹುಡುಗಿ, ಅದಕ್ಕೇ ಆ ಹೆಸರು. ಅವಳು ಬೆಂಕಿಪೊಟ್ಟಣದಲ್ಲಿ ಅಲ್ಮೇರಾ ಮಾಡಿ, ಒಳಗೆ ಹತ್ತಿಯ ದೆವ್ವ ಕೂರಿಸಿದಳು. ಇದೇನೇ ಎಂದು ಕೇಳಿದರೆ, "ನೀವೇ ಕಂಡಿದ್ದು ಮಾಡಿ ಅಂದ್ರಲ್ಲ ಮಿಸ್. ಅಲ್ಮೇರಾ ಬಾಗಿಲು ಎಷ್ಟು ಸಲ ಹಾಕಿದ್ರೂ ತಾನೇ ತೆಗೆಯತ್ತೆ. ದೆವ್ವ ಅಲ್ದೆ ಇನ್ನೇನು?" ಎಂದಳು. ಅವಳ ಜೊತೆಗಾರ ಬಾಟಲಿ ಮುಚ್ಚಳಗಳಲ್ಲಿ ಬಣ್ಣದ ನೀರಿನ ಬಟ್ಟಲು ಮಾಡಿದ್ದ. ಒಳಗೆ ನೀಲಿ ಕಾಗದದ ನೀರು, ಎಲ್ಲ ಬಟ್ಟಲಲ್ಲೂ ಓರೆ. ನೆಟ್ಟಗೆ ಅಂಟಿಸೋ ಎಂದೆ. "ಅದು ಇರೋದೇ ಹಂಗೆ ಮಿಸ್" ಎಂದ.

ಹೋಗಿ ನೋಡಿದೆ. ನನ್ನ ಮೇಜಿನ ಮೇಲಿನ ಮಗ್ಗಿನಲ್ಲಿ ನೀರು ಒಂದು ಕಡೆ ಅಂಚಿನ ಸಮಕ್ಕೆ, ಇನ್ನೊಂದು ಕಡೆ ಒಂದು ಬೆರಳು ಕೆಳಗೆ. ದಿನಾ ಅದರಲ್ಲೇ ಕುಂಚ ತೊಳೆಯುತ್ತಿದ್ದವಳು ನಾನು. ಯಾವತ್ತಿನಿಂದ ಹಾಗಿತ್ತೋ ನನಗೆ ಗೊತ್ತಿಲ್ಲ. ಮೇಜಿನ ಕಾಲಿಗೆ ಕಾಗದ ಮಡಚಿ ಇಟ್ಟೆ. ನೀರು ನೆಟ್ಟಗಾಯಿತು, ನನಗೂ ಸಮಾಧಾನವಾಯಿತು. ಒಂದು ವಾರದಲ್ಲಿ ಮತ್ತೆ ಓರೆ.

ಆಮೇಲೆ ಗೇಣು. ನೀನು ಅವಳನ್ನು ನೋಡಿಲ್ಲ, ಪತ್ರಿಕೆಯಲ್ಲಿ 'ಎಂಟು ವರ್ಷದ ವಿದ್ಯಾರ್ಥಿನಿ' ಎಂದು ಬಂದದ್ದನ್ನು ಓದಿರುತ್ತೀಯ. ಬೆಂಚು, ಬೋರ್ಡು, ಪಕ್ಕದವಳ ಜಡೆ, ಎಲ್ಲವನ್ನೂ ಗೇಣು ಹಾಕಿ ಅಳೆಯುವ ಹುಡುಗಿ. ಕಾರಿಡಾರಿನ ಕೊನೆಯ ಭಾಗ ಅವಳ ಪಾಲಿಗೆ ಬಂದಿತ್ತು. ಹಿಂದಿನ ಖಾಲಿ ಜಾಗದ ಕಡೆ ಮುಖ ಮಾಡಿದ ದೊಡ್ಡ ಗೋಡೆ ಇತ್ತಲ್ಲ, ಆ ಭಾಗ. ಆ ಜಾಗದಲ್ಲಿ ಯಾರೋ ಹೊಸ ಕಟ್ಟಡಕ್ಕೆಂದು ಎರಡಾಳು ಆಳದ ಗುಂಡಿ ತೋಡಿ ತಿಂಗಳಾಗಿತ್ತು. ಗೇಣು ರಟ್ಟಿನ ಗೋಡೆಗಳನ್ನು ಚೊಕ್ಕವಾಗಿ ಕತ್ತರಿಸಿ ನಿಲ್ಲಿಸಿದ್ದಳು, ಆದರೆ ಮೂಲೆಯಲ್ಲಿ ಎರಡು ಗೋಡೆ ಸೇರಬೇಕಾದ ಕಡೆ ಸೇರಿಸಿರಲಿಲ್ಲ. ಅಂಟು ಸರಿಯಾಗಿ ಹಾಕಮ್ಮ ಎಂದೆ.

"ಅಂಟು ಹಾಕಿದ್ರೆ ಸುಳ್ಳಾಗತ್ತೆ ಮಿಸ್. ಅಲ್ಲಿ ನನ್ನ ಬೆರಳು ಹೋಗತ್ತೆ."

ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಸೂಚನಾ ಫಲಕದ ಹಿಂದೆ, ಅವಳ ತಲೆಯ ಎತ್ತರಕ್ಕೆ, ಮೂಲೆಯಲ್ಲಿ ಸಂದು. ತೋರುಬೆರಳು ಸಲೀಸಾಗಿ ಒಳಗೆ ಹೋಯಿತು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಟ್ಟಿದ್ದಳು. ಆಯಮ್ಮ ಅಲ್ಲೇ ಗುಡಿಸುತ್ತಿದ್ದರು. ಶಾಲೆ ಶುರುವಾದಾಗಿನಿಂದ ಇದ್ದವರು, ಗಂಟೆ ಬಾರಿಸುವುದರಿಂದ ಹಿಡಿದು ಮಕ್ಕಳ ಮೂಗು ಒರೆಸುವವರೆಗೆ ಎಲ್ಲಕ್ಕೂ ಅವರೇ. "ದಿನಾ ಒಂದು ಮೊರದಷ್ಟು ಪುಡಿ ಉದುರತ್ತೆ ಮಿಸ್. ಗೋಡೆಗೂ ತಲೆಹೊಟ್ಟು ಬಂದಿದೆ" ಎಂದು ನಕ್ಕರು. ನಾನೂ ನಕ್ಕೆ.

ಮುಂದಿನ ವಾರ ಅಪ್ಪನ ವಿದ್ಯೆಯನ್ನು ಮಕ್ಕಳಿಗೆ ಹೇಳಿಕೊಟ್ಟೆ. ಗೋಡೆಯ ಮೇಲ್ಭಾಗದ ಮೊಳೆಗೆ ದಾರ ಕಟ್ಟಿ, ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟೆ. ಅಪ್ಪ ಗಾರೆ ಕೆಲಸಕ್ಕೆ ಹೋಗುವಾಗ ಜೇಬಿನಲ್ಲಿ ಇಂಥದೇ ದಾರ ಕಟ್ಟಿದ ತೂಕದ ಗುಂಡು ಇಲ್ಲದೆ ಹೊರಟದ್ದನ್ನು ನೀನಾಗಲಿ ನಾನಾಗಲಿ ನೋಡಿಲ್ಲ. 'ಗುಂಡು ಯಾರ ಮುಲಾಜೂ ನೋಡಲ್ಲ' ಎನ್ನುತ್ತಿದ್ದ. ಮೇಲೆ ದಾರಕ್ಕೂ ಗೋಡೆಗೂ ನಾಲ್ಕು ಬೆರಳು ಅಂತರ. ಕೆಳಗೆ ಕಲ್ಲು ಗೋಡೆಗೆ ಒತ್ತಿಕೊಂಡು ನಿಂತಿತು. ಗೋಡೆ ಹೊರಗೆ ವಾಲಿದೆ ಎಂದು ಮಗುವಿಗೂ ತಿಳಿಯುವಂತಿತ್ತು. ತಿಳಿಯಿತು ಕೂಡ. ಗೇಣು ತನ್ನ ರಟ್ಟಿನ ಗೋಡೆಯನ್ನು ಕಿತ್ತು ಅಷ್ಟೇ ವಾಲಿಸಿ ಮತ್ತೆ ನಿಲ್ಲಿಸಿದಳು. ಆ ವಾರ ಸಂದಿನಲ್ಲಿ ಅವಳ ಎರಡು ಬೆರಳು ಹೋದವು.

ದೊಡ್ಡ ಮೇಡಂ ಅವರನ್ನು ಕರೆತಂದು ತೋರಿಸಿದೆ. ಅವರು ಗೋಡೆಗಿಂತ ಹೆಚ್ಚು ಹೊತ್ತು ರಟ್ಟಿನ ಶಾಲೆಯನ್ನು ನೋಡಿದರು. "ಏನ್ ಮಿಸ್ ಇದು? ಪೋಷಕರೆಲ್ಲ ಬರ್ತಾರೆ, ಶಾಲೆ ಬಿದ್ದುಹೋಗೋ ಹಾಗೆ ಮಾಡಿಸಿದ್ದೀರಲ್ಲ. ಮೊದಲು ಆ ಸಂದು ಮುಚ್ಚಿಸಿ, ಬಣ್ಣ ಹಚ್ಚಿಸಿ" ಎಂದರು. ರಟ್ಟಿನ ಗೋಡೆಯನ್ನೋ ನಿಜವಾದ ಗೋಡೆಯನ್ನೋ ಎಂದು ಕೇಳಿದೆ. ಮುಖ ಬಿಗಿದುಕೊಂಡರು. ಇಂಜಿನಿಯರನ್ನು ಕರೆಸಿ ಎಂದು ನಾನು ಹಠ ಹಿಡಿದೆ. "ಕರೆಸೋಣ ಬಿಡಿ. ಈ ತಿಂಗಳು ಹೇಗೂ ಕಟ್ಟಡದ ಸರ್ಟಿಫಿಕೇಟ್ ಆಗಬೇಕು. ನಿಮ್ಮಣ್ಣನೇ ಅಲ್ವಾ ಅದಕ್ಕೆ?" ಎಂದರು.

ಅವತ್ತು ನನಗೆ ಎಷ್ಟು ಧೈರ್ಯ ಬಂತು ಗೊತ್ತಾ? ನನ್ನ ಅಣ್ಣ ಬರುತ್ತಾನೆ ಎಂದು ಮಕ್ಕಳ ಮುಂದೆ ಜಂಬ ಕೊಚ್ಚಿಕೊಂಡೆ. ಅಂದೇ ನಿನಗೆ ಫೋನ್ ಮಾಡಿ ಎಲ್ಲ ಹೇಳಿದೆ. ನೀನು "ಬರ್ತೀನಿ, ನೀನೇನೂ ಗಾಬರಿ ಆಗ್ಬೇಡ ಪುಟ್ಟಜ್ಜಿ" ಎಂದೆ.

ಬುಧವಾರ ನೀನು ಬಂದೆ. ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದ್ದನ್ನು ಕಿಟಕಿಯಿಂದ ನೋಡಿದೆ. ನಾನು, ಗೇಣು, ರೇಡಿಯೊ ಮೂವರೂ ಮೆಟ್ಟಿಲಿನ ತುದಿಯಲ್ಲಿ ನಿಂತಿದ್ದೆವು. ಗೇಣು ತನ್ನ ರಟ್ಟಿನ ಕಾರಿಡಾರನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು, ನಿನಗೆ ತೋರಿಸಲೆಂದು. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು ಬಂದಿದ್ದಳು, 'ಇಂಜಿನಿಯರ್ ಸರ್ ಬರ್ತಾರೆ' ಎಂದು ಮನೆಯಲ್ಲಿ ಹೇಳಿ. ಕೆಳಗೆ ಆಫೀಸಿನ ಕೋಣೆಯಿಂದ ನಿನ್ನ ನಗು ಕೇಳಿಸಿತು. ಲೋಟಗಳ ಸದ್ದು ಕೇಳಿಸಿತು. ಗೇಣು ಒಮ್ಮೆ ಕೈ ನೋಯುತ್ತದೆ ಎಂದು ರಟ್ಟನ್ನು ನೆಲಕ್ಕಿಟ್ಟು, ಮೆಟ್ಟಿಲ ಮೇಲೆ ಯಾರೋ ಬಂದಂತಾಗಿ ಮತ್ತೆ ಎತ್ತಿಕೊಂಡಳು. ಬಂದವರು ಆಯಮ್ಮ. ಇಪ್ಪತ್ತು ನಿಮಿಷವಾದ ಮೇಲೆ ನಿನ್ನ ಗಾಡಿ ಶುರುವಾಯಿತು.

ನೀನು ಮೆಟ್ಟಿಲು ಹತ್ತಲಿಲ್ಲ, ಅಣ್ಣಾ.

"ಸರ್‌ಗೆ ಮರೆತುಹೋಯ್ತಾ ಮಿಸ್?" ಎಂದು ರೇಡಿಯೊ ಕೇಳಿದಳು. ಅವರು ಹೊರಗಿನಿಂದಲೇ ನೋಡಿದರು ಎಂದೆ. ಅದು ನಾನು ಹೇಳಿದ ಮೊದಲ ಸುಳ್ಳು.

ಮಧ್ಯಾಹ್ನ ದೊಡ್ಡ ಮೇಡಂ ಕಾಗದ ಹಿಡಿದು ಬಂದರು. 'ಖುದ್ದಾಗಿ ಪರಿಶೀಲಿಸಲಾಗಿದೆ, ಬಳಕೆಗೆ ಯೋಗ್ಯ' ಎಂದಿತ್ತು. ಕೆಳಗೆ ನಿನ್ನ ಸಹಿ, ಬಾಲ ಎಳೆದಂತಿರುವ ಅದೇ ಸಹಿ. "ಇನ್ನೇನು ಬೇಕು ನಿಮಗೆ? ಒಡಹುಟ್ಟಿದವರ ಮೇಲೂ ನಂಬಿಕೆ ಇಲ್ವಾ?" ಎಂದರು. ಸಂಜೆ ನಿನಗೆ ಫೋನ್ ಮಾಡಿದೆ. "ನೋಡಿದೀನಿ ಪುಟ್ಟಜ್ಜಿ. ಅದು ಗಾರೆ ಬಿರುಕು, ಗೋಡೆ ಬಿರುಕಲ್ಲ. ಸ್ವಲ್ಪ ನಾನು ಹೇಳೋದು ಕೇಳು" ಎಂದೆ. ನಾನು ಕೇಳಿದೆ.

ಈಗ ನನ್ನ ತಪ್ಪು. ಇದನ್ನು ಸಮಿತಿಯವರು ಕೇಳುವುದಿಲ್ಲ, ಕೇಳಲು ಅವರಿಗೆ ಹೊಳೆಯುವುದೂ ಇಲ್ಲ. ನೀನು ಮೇಲೆ ಬಂದಿಲ್ಲ ಎಂದು ಗೊತ್ತಿದ್ದೂ ನೀನು 'ನೋಡಿದೀನಿ' ಎಂದಾಗ ನನಗೆ ಹಾಯೆನಿಸಿತು. ನಿಜವಾಗಿಯೂ ಹಾಯೆನಿಸಿತು. ಜಗಳ ಬೇಡ, ಅರ್ಜಿ ಬೇಡ, ದೊಡ್ಡ ಮೇಡಂ ಎದುರು ನಿಲ್ಲುವುದು ಬೇಡ. ಎಲ್ಲ ಹೊಣೆ ನಿನ್ನ ಸಹಿಯ ಮೇಲೆ ಹಾಕಿ ನಾನು ಕೈತೊಳೆದುಕೊಂಡೆ. ಆ ದಿನ ಮನೆಗೆ ಬಂದು ಹೊಟ್ಟೆತುಂಬ ಊಟ ಮಾಡಿದ್ದು ನೆನಪಿದೆ.

ಮರುದಿನ ಗೇಣುವನ್ನು ಕೂರಿಸಿಕೊಂಡು, ರಟ್ಟಿನ ಗೋಡೆಯ ಆ ಸಂದು ಮುಚ್ಚಮ್ಮ ಎಂದೆ. ನೆನೆಸಿದ ಕಾಗದದ ಮುದ್ದೆಯನ್ನು ನಾನೇ ಕಲಸಿಕೊಟ್ಟೆ. ಅವಳು ನನ್ನ ಮುಖ ನೋಡಿದಳು.

"ಬೆರಳು ಹೋಗತ್ತಲ್ಲ ಮಿಸ್?"

"ಇಂಜಿನಿಯರ್ ಸರ್ ಏನಿಲ್ಲ ಅಂದಿದ್ದಾರೆ ಕಣಮ್ಮ."

"ಸರ್ ಬೆರಳು ಹಾಕಿ ನೋಡಿದ್ರಾ?"

ಮುದ್ದೆಯ ಬಟ್ಟಲನ್ನು ಅವಳ ಹತ್ತಿರ ಸರಿಸಿದೆ. ಮುಚ್ಚಿದಳು. ಗೋಡೆಯನ್ನು ನೆಟ್ಟಗೆ ಮಾಡಿದಳು, ಹಳದಿ ಬಣ್ಣ ಬಳಿದಳು. ಬಣ್ಣ ಬಳಿಯುವಾಗ ನಾಲಿಗೆ ಹೊರಗೆ ಹಾಕಿಕೊಳ್ಳುವ ಹುಡುಗಿ ಆ ದಿನ ತುಟಿ ಬಿಗಿದು ಕೂತಿದ್ದಳು. ಅಲ್ಮೇರಾದ ದೆವ್ವವನ್ನೂ ತೆಗೆಸಿದೆ. ಓರೆ ನೀರನ್ನೂ ನೆಟ್ಟಗೆ ಅಂಟಿಸಿದೆ. ರಟ್ಟಿನ ಶಾಲೆ ಬಹಳ ಚೆಂದವಾಯಿತು. ದೊಡ್ಡ ಮೇಡಂ ಬೆನ್ನು ತಟ್ಟಿದರು.

ಅದರ ಮುಂದಿನ ಗುರುವಾರ, ಪ್ರದರ್ಶನದ ಹಿಂದಿನ ದಿನ. ಬೆಳಗ್ಗೆ ಕಾರಿಡಾರಿನ ಕೊನೆಯ ಬಾಗಿಲು ತೆರೆಯಲೇ ಇಲ್ಲ. ಆಯಮ್ಮ ಭುಜ ಕೊಟ್ಟು ನೂಕಿದರು. "ಚೌಕಟ್ಟು ಬಾಗಿಲನ್ನ ಕಚ್ಚಿಕೊಂಡಿದೆ ಮಿಸ್" ಎಂದರು. ಊಟವಾದ ಮೇಲೆ ರಟ್ಟಿನ ಕೋಣೆಗಳನ್ನು ಒಂದೊಂದಾಗಿ ಕೆಳಗಿನ ಸಭಾಂಗಣಕ್ಕೆ ಸಾಗಿಸಲು ಶುರುಮಾಡಿದೆವು. ಮಕ್ಕಳು ಸಾಲಾಗಿ, ಇಬ್ಬಿಬ್ಬರು ಒಂದೊಂದು ಕೋಣೆ ಹಿಡಿದು ಮೆಟ್ಟಿಲಿಳಿದರು. ನಾನು ಮುಂದಿದ್ದೆ. ಇಪ್ಪತ್ತೈದು ಮಕ್ಕಳು ಕೆಳಗೆ ಬಂದರು. ಎಣಿಸಿದೆ, ಒಬ್ಬಳು ಕಡಿಮೆ. ಗೇಣು ತನ್ನ ಕಾರಿಡಾರ್ ತರಲು ಆಯಮ್ಮನ ಜೊತೆ ಹಿಂದೆ ಉಳಿದಿದ್ದಳು.

ಮೆಟ್ಟಿಲಿಗೆ ಕಾಲಿಟ್ಟೆ. ಆಗ ಸದ್ದಾಯಿತು. ಪಟಪಟನೆ ದಪ್ಪ ಬಟ್ಟೆ ಹರಿದಂತೆ, ಮೇಲಿನಿಂದ ಕೆಳಕ್ಕೆ. ಅದು ನಿಂತ ಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಏನೂ ಆಗಲಿಲ್ಲ ಎಂದುಕೊಂಡೆ. ಆಮೇಲೆ ಗೋಡೆ ಹೋಯಿತು. ಗುಂಡಿಯ ಕಡೆಗೆ, ಹೊರಗೆ. ಅದರ ಹಿಂದೆ ಕಾರಿಡಾರಿನ ತಾರಸಿ, ನನ್ನ ಕೋಣೆಯ ಅರ್ಧ. ಮೆಟ್ಟಿಲ ಮೇಲೆ ಬಿಳಿ ಧೂಳು ಉರುಳಿ ಬಂತು, ಧೂಳಿನೊಳಗಿಂದ ಗೇಣು ಬಂದಳು. ಆಯಮ್ಮ ಅವಳನ್ನು ಮೆಟ್ಟಿಲ ಕಡೆ ಎಷ್ಟು ಬಲವಾಗಿ ನೂಕಿದ್ದರೆಂದರೆ ಬಿದ್ದು ಎಡಗೈ ಮುರಿದಿತ್ತು. ಇನ್ನೊಂದು ಕೈಯಲ್ಲಿ ರಟ್ಟಿನ ಚೂರು.

ಆಯಮ್ಮನನ್ನು ಹೊರಗೆ ತೆಗೆಯಲು ಎರಡು ಗಂಟೆ ಹಿಡಿಯಿತು. ನಾನು ಅಲ್ಲೇ ನಿಂತಿದ್ದೆ. ಒಳಗಿನಿಂದ ಅವರು ಮಾತಾಡುತ್ತಿದ್ದರು. ಮಗು ಸಿಕ್ಕಿತಾ ಎಂದು ಕೇಳಿದರು. ಸಿಕ್ಕಿದೆ ಎಂದು ಕೂಗಿದೆ. ಸ್ವಲ್ಪ ಹೊತ್ತಿನ ಮೇಲೆ, "ಸಂಜೆ ಗಂಟೆ ಯಾರಾದ್ರೂ ಬಾರಿಸಿ" ಎಂದರು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅಮ್ಮ ಹೇಳುತ್ತಾಳೆ, ಒಬ್ಬರೇ ಅಲ್ವಾ, ದೇವರು ದೊಡ್ಡವನು ಎಂದು. ಪ್ರದರ್ಶನ ಮರುದಿನವಿತ್ತು. ತರಗತಿಗಳನ್ನು ನೋಡಲೆಂದು ಅದೇ ಕಾರಿಡಾರಿನಲ್ಲಿ ಮಧ್ಯಾಹ್ನದವರೆಗೆ ಮೂರು ತರಗತಿಗಳ ಮಕ್ಕಳೂ ಅವರ ತಂದೆತಾಯಿಗಳೂ ಓಡಾಡುವವರಿದ್ದರು. ಆದರೆ ಆಯಮ್ಮನ ಮಗಳ ಮುಂದೆ ನಿಂತು 'ಒಬ್ಬರೇ' ಎಂದು ಯಾರು ಹೇಳುತ್ತಾರೆ? ನೀನು ಹೇಳುತ್ತೀಯಾ?

ಗೇಣುವನ್ನು ನೋಡಲು ಹೋಗಿದ್ದೆ. ಕೈಗೆ ಪಟ್ಟಿ ಹಾಕಿದ್ದರು. ಅವಳ ಅಮ್ಮ ನೀರು ತರಲು ಹೊರಗೆ ಹೋದ ತಕ್ಷಣ ನನ್ನನ್ನು ಹತ್ತಿರ ಕರೆದಳು. ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು:

"ಮಿಸ್, ನಾನು ಸಂದು ಮುಚ್ಚಿದ್ದಕ್ಕೇ ಗೋಡೆ ಬಿತ್ತಾ?"

ಅಲ್ಲಮ್ಮ, ಅಲ್ಲವೇ ಅಲ್ಲ ಎಂದೆ. "ಮತ್ತೆ ಯಾಕೆ ಬಿತ್ತು?" ಎಂದಳು. ಅವಳ ಹೊದಿಕೆ ಸರಿಮಾಡಿ ಎದ್ದು ಬಂದೆ, ಅಣ್ಣಾ. ಎಂಟು ವರ್ಷದ ಮಗು ಹತ್ತು ದಿನದಿಂದ ತಾನೇ ಆಯಮ್ಮನನ್ನು ಕೊಂದೆ ಎಂದುಕೊಂಡು ಮಲಗಿದೆ. ಅವಳಿಗೆ ಉತ್ತರ ಹೇಳುವವರು ಇಬ್ಬರೇ. ಒಬ್ಬಳು ನಾನು. ನಾನು ಮಂಗಳವಾರ ಹೇಳುತ್ತೇನೆ: ಇಂಜಿನಿಯರ್ ಮೇಲೆ ಬರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಮಗುವಿನ ಕೈಯಲ್ಲಿ ಸಂದು ಮುಚ್ಚಿಸಿದೆ. ಮೂರನ್ನೂ ಹೇಳುತ್ತೇನೆ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಅಮ್ಮ ನನ್ನ ಜೊತೆ ಮಾತು ಬಿಡುತ್ತಾಳೆ. ಅದನ್ನು ತಡೆದುಕೊಳ್ಳುವುದು ಕಷ್ಟ, ಆದರೂ ಹೇಳುತ್ತೇನೆ.

ನಿನ್ನನ್ನು ಹಾಳು ಮಾಡಬೇಕೆಂದು ಇದನ್ನು ಬರೆಯುತ್ತಿಲ್ಲ. ನನಗೆ ಮೊದಲು ಅಕ್ಷರ ತಿದ್ದಿಸಿದವನು ನೀನು. ಜ್ವರ ಬಂದರೆ ನನ್ನ ಹಣೆಯ ಮೇಲೆ ಬಟ್ಟೆ ಹಾಕುತ್ತ ಕೂರುತ್ತಿದ್ದವನು ನೀನು. ಇಂಥವನು ಮೆಟ್ಟಿಲು ಯಾಕೆ ಹತ್ತಲಿಲ್ಲ ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿದಿರಲಿಲ್ಲ. ಕಳೆದ ಸೋಮವಾರ ಫೋನಿನಲ್ಲಿ ನೀನೇ ಬಾಯಿ ತಪ್ಪಿ ಹೇಳಿದೆ: "ಆ ವಾರ ನನ್ನ ತಲೆ ಮೇಲೆ ಒಂಬತ್ತು ಶಾಲೆ ಇತ್ತು ಪುಟ್ಟಜ್ಜಿ. ಒಂದೊಂದರ ಮೆಟ್ಟಿಲು ಹತ್ತುತ್ತಾ ಕೂತಿದ್ರೆ..." ಎಂದು, ಅಲ್ಲಿಗೆ ನಿಲ್ಲಿಸಿಬಿಟ್ಟೆ. ನಾನು ಅಳುತ್ತಿದ್ದೆ, ಆಗ ಲಕ್ಷ್ಯ ಹೋಗಲಿಲ್ಲ. ಅಮ್ಮ ಬಂದುಹೋದ ಮೇಲೆ ಆ ಮಾತು ನೆನಪಾಯಿತು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಒಂಬತ್ತರಲ್ಲಿ ಒಂದು ನಮ್ಮದು. ಇನ್ನು ಎಂಟು ಎಲ್ಲಿವೆ? ಅವುಗಳಲ್ಲಿ ಎಷ್ಟರ ಮೆಟ್ಟಿಲು ಹತ್ತಿದೆ? ಅಲ್ಲಿಯೂ ಯಾವುದಾದರೂ ಮೂಲೆಯಲ್ಲಿ ಒಂದು ಮಗು ಬೆರಳು ತೂರಿಸಿ ನೋಡುತ್ತಿರಬಹುದು. ಅಲ್ಲಿಯೂ ಯಾರೋ ಮಿಸ್ ನಿನ್ನ ಸಹಿ ನೋಡಿ ಹಾಯಾಗಿ ಊಟ ಮಾಡುತ್ತಿರಬಹುದು.

ನಾಳೆ ಬೆಳಗ್ಗೆ ಮಕ್ಕಳು ಒಳಗೆ ಹೋಗುವ ಮೊದಲು ಆ ಎಂಟೂ ಕಡೆ ಹೋಗು. ಹೋಗಲಾಗದಿದ್ದರೆ ಫೋನ್ ಮಾಡಿ ಬಾಗಿಲು ಹಾಕಿಸು. ನೋಡಿಲ್ಲ ಎಂದು ನೀನೇ ಬರೆದುಕೊಟ್ಟು ಸಹಿಗಳನ್ನು ವಾಪಸು ತೆಗೆದುಕೋ. ಆಮೇಲೆ ಮಂಗಳವಾರ ನೀನೂ ನಾನೂ ಒಟ್ಟಿಗೆ ಸಮಿತಿಯ ಮುಂದೆ ಹೋಗೋಣ. ಪಕ್ಕದಲ್ಲಿ ಕೂರುತ್ತೇನೆ. ಕೈ ಹಿಡಿದುಕೊಂಡೇ ಕೂರುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಮರೆತುಹೋಯಿತು ಎಂದು ನೀನು ಹೇಳಿದರೆ ನಾನು ನಂಬುತ್ತೇನೆ. ಆ ಎಂಟರ ಬಗ್ಗೆ ನಿನಗೆ ಈಗ ಹೊಳೆಯಿತು ಎಂದರೂ ನಂಬುತ್ತೇನೆ. ನಂಬಲು ನಾನು ಸಿದ್ಧಳಾಗೇ ಕೂತಿದ್ದೇನೆ.

ಇಂತಿ, ನಿನ್ನ ಫೋನಿಗೆ ಕಾದಿರುವ
ತಂಗಿ
ಪುಟ್ಟಜ್ಜಿ

ಮರೆತ ಮಾತು: ಮರೆತದ್ದಲ್ಲ, ಈಗ ತಿಳಿದದ್ದು. ಮೇಲಿನದನ್ನು ಬರೆದು ಮಡಚುವಷ್ಟರಲ್ಲಿ ಅತ್ತಿಗೆ ನಿನ್ನ ಮಗಳನ್ನು ಕರೆದುಕೊಂಡು ಬಂದರು. ಈ ಕಾಗದವನ್ನು ಅವರ ಕೈಲೇ ಕೊಡುತ್ತಿದ್ದೇನೆ. ಮಗುವಿಗೆ ನಾಳೆ ಶಾಲೆ ಇದೆಯಲ್ಲ, ಬೇಗ ಮಲಗಿಸಿ ಎಂದು ಸುಮ್ಮನೆ ಹೇಳಿದೆ. "ಇಲ್ಲ, ಅವಳು ಹತ್ತು ದಿನದಿಂದ ಮನೇಲೇ ಇದ್ದಾಳೆ. ಶಾಲೆಯಲ್ಲಿ ಜ್ವರ ಹಬ್ಬಿದೆಯಂತೆ, ಕಳಿಸಲೇಬೇಡ ಅಂದಿದ್ದಾರೆ ಇವರು" ಎಂದರು ಅತ್ತಿಗೆ. ಪಾಪ, ಅವರು ನಿಜವೆಂದೇ ನಂಬಿದ್ದಾರೆ. ಮಗು ನಡುವೆ ಬಾಯಿ ಹಾಕಿತು: "ಯಾರಿಗೂ ಜ್ವರ ಇಲ್ಲ ಅತ್ತೆ. ಅಪ್ಪ ನಮ್ಮ ಸ್ಕೂಲಿಗೂ ಬಂದಿದ್ರು. ಆಫೀಸ್ ರೂಮಲ್ಲಿ ಕೂತು ಟೀ ಕುಡಿದು ಹೋದ್ರು, ನಾನು ಟಾಟಾ ಮಾಡಿದೆ."

ಹಾಗಾದರೆ ಅವಳ ಶಾಲೆಯೂ ಆ ಎಂಟರಲ್ಲಿ ಒಂದು, ನಿನಗೆ ಗೊತ್ತಿತ್ತು. ನಮ್ಮ ಗೋಡೆ ಬಿದ್ದ ಮರುದಿನದಿಂದಲೇ ಗೊತ್ತಿತ್ತು. ನಾನು ಇನ್ನು ನಿನ್ನ ಫೋನಿಗೆ ಕಾಯುವುದಿಲ್ಲ. ನಿನ್ನ ಮಗಳ ಬೆಂಚಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಯ ಮನೆ ಎಲ್ಲಿದೆ ಎಂದು ಕೇಳಿಕೊಂಡಿದ್ದೇನೆ. ಮೊದಲು ಅಲ್ಲಿಗೆ ಹೊರಟಿದ್ದೇನೆ.